ಮೊದಲ ಮೂರು ದಿನದ ಹಾಲು

ಮೊನ್ನೆ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಪಕ್ಕದ ಮನೆಯಿಂದ ಗಿಣ್ಣ ಬೇಯುವ ವಾಸನೆ ಬಂತು. ಬೆಲ್ಲ, ಯಾಲಕ್ಕಿ, ಆಗಷ್ಟೇ ಈದ ಎಮ್ಮೆಯ ದಪ್ಪ ಹಾಲು. ಬೇರೆ ದಿನವಾಗಿದ್ದರೆ ಬಟ್ಟಲು ಹಿಡಿದು ನಾನೇ ಹೋಗುತ್ತಿದ್ದೆ. ಅಂದು ಹೊಸ್ತಿಲಲ್ಲೇ ಕೂತುಬಿಟ್ಟೆ. ಮಾನ್ವಿಯ ಹಾಲಿನವ್ವ ನೆನಪಾದಳು...

ನಾನು ಮದುವೆಯಾಗಿ ಮಾನ್ವಿಗೆ ಹೋದಾಗ ನಮ್ಮ ಓಣಿಗೆಲ್ಲ ಹಾಲು ಹಾಕುತ್ತಿದ್ದವಳು ಆಕೆ. ಬಾಯಿ ಬಲು ಜೋರು. ಎಮ್ಮೆ ಈದ ಸುದ್ದಿ ಸಿಕ್ಕರೆ ಹೆಂಗಸರೆಲ್ಲ ಗಿಣ್ಣದ ಹಾಲಿಗೆ ದುಂಬಾಲು ಬೀಳುತ್ತಿದ್ದರು. ಆಕೆ ಮಾತ್ರ ಬಗ್ಗುತ್ತಿರಲಿಲ್ಲ.

"ಮೊದಲ ಹಾಲು ಕರದ್ದು. ಅದು ಕುಡೀಲಿಲ್ಲಂದ್ರ ಕರ ಉಳಿಯೂದಿಲ್ಲ. ಮಿಕ್ಕಿದ್ರ ನಿಮಗ."

ತಾಯಿಯಿಲ್ಲದ ನನ್ನ ಚೊಚ್ಚಲ ಬಾಣಂತನಕ್ಕೆ ನಿಂತವಳೂ ಅವಳೇ. ನನ್ನ ಎದೆಯ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿದಳು. "ಕೆಟ್ಟ ಹಾಲದು, ಮೂರು ದಿನ ಕುಡಿಸಬ್ಯಾಡ," ಎಂದಳು. ಅತ್ತೆಯೂ ಹೂಂ ಅಂದರು. ಆಗ ಮನೆಮನೆಯಲ್ಲೂ ಅದೇ ಪದ್ಧತಿ. ಕೂಸಿಗೆ ಸಕ್ಕರೆ ನೀರು ನೆಕ್ಕಿಸಿದರು. ಎಂಟನೆಯ ದಿನ ಭೇದಿ ಹಿಡಿಯಿತು. ಹತ್ತನೆಯ ದಿನ ನನ್ನ ಮಗ ಇರಲಿಲ್ಲ. ನನಗಿಂತ ಜೋರಾಗಿ ಅತ್ತವಳು ಹಾಲಿನವ್ವ.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಅತ್ತೆ ಮತ್ತೆ ಸಕ್ಕರೆ ನೀರು ತಂದರು. ಹಾಲಿನವ್ವ ಬಟ್ಟಲು ಕಸಿದು ಹೊರಗೆ ಚೆಲ್ಲಿ, ಕೂಸನ್ನು ನನ್ನ ಎದೆಗೆ ಹಚ್ಚಿದಳು.

"ನಿನಗೇನ ಹುಚ್ಚ ಹಿಡದದ? ಹೋದ ಸಲ ನೀನ ಬ್ಯಾಡ ಅಂದಿದ್ದಿ!" ಅತ್ತೆ ಗದರಿದರು.

"ಹೋದ ಸಲ ನನ್ನ ಮಾತ ಕೇಳಿದ್ರಿ ಯವ್ವಾ. ಈ ಸಲ ನನ್ನ ಎಮ್ಮಿ ಮಾತ ಕೇಳ್ರಿ."

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ನನ್ನ ಮುಖ ನೋಡಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ನಾವು ರಾಯಚೂರಿಗೆ ಬಂದೆವು. ಆಕೆ ತೀರಿಕೊಂಡಾಗ ಮಣ್ಣಿಗೂ ಹೋಗಲಾಗಲಿಲ್ಲ...

ಮೊನ್ನೆ ಹೆರಿಗೆಯಾದದ್ದು ಅದೇ ಮಗಳಿಗೆ. ನರ್ಸ್ ಬಂದು ಹೇಳಿದಳು: "ಹಳದಿ ಹಾಲು ಒಂದು ಹನಿನೂ ಚೆಲ್ಲಬ್ಯಾಡ್ರಿ. ಅದರಾಗ ಲ್ಯಾಕ್ಟೋಫೆರಿನ್ ಅಂತ ಪ್ರೋಟೀನ್ ಅದ. ರೋಗದ ಹುಳಕ್ಕ ಬೇಕಾಗೋ ಕಬ್ಬಿಣದ ಅಂಶ ತಾನ ಹಿಡಕೊಂಡು ಅದನ್ನ ಉಪವಾಸ ಕೆಡವತದ. ಎಮ್ಮಿ ಗಿಣ್ಣದಾಗೂ ಇರತದ."

"ಕುಡಿಸಲಿಲ್ಲಂದ್ರ ಕೂಸು ಸಾಯತದೇನವ್ವಾ?" ಎಂದೆ.

"ಹಂಗ ಹೇಳಾಕ ಬರೂದಿಲ್ರಿ ಅಮ್ಮಾ. ಕುಡೀಲಾರದ ಕೂಸೂ ಭಾಳ ಬದುಕ್ಯಾವ."

ಆ ಉತ್ತರದಿಂದ ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಹಾಲಿನವ್ವನ ಮೇಲೆ ಸಿಟ್ಟಾಗಲೇ, ಕೈ ಮುಗಿಯಲೇ? ಚೆಲ್ಲಿಸಿದವಳೂ ಅವಳೇ, ಕುಡಿಸಿದವಳೂ ಅವಳೇ. ಕರುವಿನ ವಿಷಯದಲ್ಲಿ ತಿಳಿದದ್ದು ಕೂಸಿನ ವಿಷಯದಲ್ಲಿ ನಮಗ್ಯಾರಿಗೂ ಯಾಕೆ ಹೊಳೆಯಲಿಲ್ಲ? ಆ ಎರಡು ವರ್ಷ ಆಕೆ ದಿನಾ ನಮ್ಮ ಬಾಗಿಲಿಗೆ ಬಂದು ಹಾಲು ಅಳೆದು ಹೋಗುತ್ತಿದ್ದಳು. ಒಳಗೊಳಗೇ ಎಷ್ಟು ಬೆಂದಿದ್ದಳೋ, ನನಗೆ ಗೊತ್ತಾಗಲೇ ಇಲ್ಲ.

ಮಗಳು ಹುಟ್ಟಿದ ದಿನ ಆಕೆಯನ್ನು ಒಂದು ಮಾತು ಕೇಳಿದ್ದರೆ, "ತಪ್ಪು ನಿನ್ನೊಬ್ಬಳದ್ದಲ್ಲ" ಎಂದು ಹೇಳಬಹುದಿತ್ತು. ಹೇಳುತ್ತಿದ್ದೆನೋ ಇಲ್ಲವೋ... ಅದೂ ನನಗೆ ಗೊತ್ತಿಲ್ಲ.