ಕಸದಬುಟ್ಟಿಯ ಕೋರೆಹಲ್ಲು

ಮೇಣದಣ್ಣನಿಗೆ ಅನುಮಾನ ಹುಟ್ಟುಗುಣ. "ಕನ್ನಡಿಯಲ್ಲಿ ಕಾಣೋ ಮನುಷ್ಯನನ್ನೂ ನೀವು ಎರಡು ಸಲ ತಿರುಗಿ ನೋಡ್ತೀರಿ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಬೊಚ್ಚುಬಾಯಿಗಳಿಗೆ ಹಲ್ಲಿನ ಸೆಟ್ಟು ಮಾಡುವುದು ಅವರ ಕೆಲಸ. ಡಾಕ್ಟರಮ್ಮನ ಅಪ್ಪನ ಕಾಲದಿಂದಲೂ ಆ ಕುರ್ಚಿ ಅವರದೇ. ಪ್ಲಾಸ್ಟರಿನ ದವಡೆಯಚ್ಚಿನ ಮೇಲೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುವಾಗ ಬಾಗಿಲಿಗೆ ಬೆನ್ನು ಹಾಕಿ, ಭುಜ ಅಡ್ಡ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರಿಗೂ ಯಾರೂ ಕೈಹಿಡಿದು ಕಲಿಸಿದ್ದಲ್ಲ. ಹರೆಯದಲ್ಲಿ ಪ್ಲಾಸ್ಟರ್ ಕಲಸಲು ಬಂದವರು, ಆಗಿನ ಕೆಲಸಗಾರನ ಬೆರಳುಗಳನ್ನು ಓರೆಗಣ್ಣಿನಲ್ಲಿ ನೋಡಿ ನೋಡಿಯೇ ಕಲಿತರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಮುದುಕ ಮನೆಗೆ ಹೋದ, ಕುರ್ಚಿ ಇವರದಾಯಿತು. ನೋಡುವ ಕಣ್ಣು ಏನೇನು ಮಾಡಬಲ್ಲದು ಎಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಒಂದು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಕೋರೆಹಲ್ಲು ಉಜ್ಜಲು ಹೋದರೆ ಒಂದು ಎಳೆ ಹೆಚ್ಚೇ ಸವೆದುಹೋಗುತ್ತಿತ್ತು. ಕೆಟ್ಟ ಹಲ್ಲು, ಕೆಟ್ಟ ಮೇಣ, ಬಿರುಕುಬಿಟ್ಟ ಅಚ್ಚು ಎಲ್ಲವನ್ನೂ ಸದ್ದಿಲ್ಲದೆ ಬುಟ್ಟಿಗೆ ಹಾಕುತ್ತಿದ್ದರು. ಕೈಯ ಸುದ್ದಿ ಹೊರಬಿದ್ದರೆ ಕುರ್ಚಿ ಹೋಯಿತೆಂದೇ ಲೆಕ್ಕ.

ಅಂಥ ಹೊತ್ತಿನಲ್ಲೇ ಕಸ ಗುಡಿಸುವ ಹೆಂಗಸಿನ ಚೀಲ ಅವರ ಕಣ್ಣಿಗೆ ಬಿತ್ತು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಬೆಳಿಗ್ಗೆ ಬರುವಾಗ ಗಾಳಿಗೆ ಹಾರಾಡುವ ಚೀಲ ಸಂಜೆ ಹೋಗುವಾಗ ಜೋತುಬೀಳುತ್ತಿತ್ತು. ಎದುರು ರಸ್ತೆಯಲ್ಲಿ ಹೊಸದಾಗಿ ಹಲ್ಲು ಮಾಡುವ ಅಂಗಡಿ ತೆರೆದಿತ್ತು. ಎರಡಕ್ಕೆ ಎರಡು ಕೂಡಿಸಲು ಅವರಿಗೆಷ್ಟು ಹೊತ್ತು?

ಒಂದು ದಿನ ಚೀಲ ಬೆಳಿಗ್ಗೆಯೇ ಜೋತುಬಿದ್ದಿತ್ತು. ಮಧ್ಯಾಹ್ನ ಅವಳು ನೀರು ತರಲು ಹೋದಾಗ ಚೀಲಕ್ಕೆ ಕೈ ಹಾಕಿಯೇಬಿಟ್ಟರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ದವಡೆಯಚ್ಚು ಸಿಕ್ಕಿತು. ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ಮೇಲೆ ಮೇಣದಲ್ಲಿ ಆರು ಮುಂದಿನ ಹಲ್ಲುಗಳು ಸಾಲಾಗಿ, ಬಾಯಲ್ಲೇ ಹುಟ್ಟಿದಂತೆ ಕೂತಿದ್ದವು. ಒಂದೊಂದೂ ಅವರೇ ಕೆಡಿಸಿ ಎಸೆದದ್ದು.

"ಅಣ್ಣ, ಅದು ನನ್ನ ಚೀಲ." ಅವಳು ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಚೀಲ ನಿಂದು. ಒಳಗಿರೋದು?"

"ಒಳಗಿರೋದು ಕಸ. ನೀವೇ ಎಸೆದಿದ್ದು."

"ಎದುರಂಗಡಿಯವರಿಗಾ?"

"ಅಯ್ಯೋ, ನೀವು ಕೆಡಿಸಿದ ಹಲ್ಲು ಕಟ್ಕೊಂಡು ಅವರೇನು ಮಾಡ್ತಾರೆ?"

"ಯಾರು ಕಲಿಸಿದ್ರು? ನಾನು ಕೂತ್ಕೊಂಡು ಮಾಡೋವಾಗ ನೀನು ಒಂದು ದಿನವೂ ಈ ಕಡೆ ತಿರುಗಿಲ್ಲ."

"ನೋಡೋಕೆ ನೀವು ಬಿಟ್ರೆ ತಾನೆ? ಬುಟ್ಟಿ ನೋಡಿದೆ. ಯಾವುದನ್ನ ಎಸೀತೀರಿ, ಯಾವುದನ್ನ ಎಸೆಯಲ್ಲ ಅಂತ. ಮನೇಲಿ ಮೇಣ ಕರಗಿಸಿ ಕೂರಿಸ್ತೀನಿ. ತಪ್ಪಾದ್ರೆ ನಿಮ್ಮ ತಪ್ಪಿನ ಪಕ್ಕ ಇಟ್ಟು ನೋಡ್ತೀನಿ. ಇವತ್ತು ಅದಕ್ಕೇ ತಂದಿದ್ದು."

ಮೇಣದಣ್ಣ ಬುಟ್ಟಿಯ ಕಡೆ ತಿರುಗಿ ನೋಡಿದರು. ಹಾಗಾದರೆ ಯಾವ ತಿಂಗಳಿಂದ ತಮ್ಮ ಕೈ ಕೆಟ್ಟಿದೆ ಎಂಬುದೂ ಇವಳಿಗೆ ಗೊತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಒಂದು ಸೆಟ್ಟು ಹಿಡಿದುಕೊಂಡು ಒಳಬಂದರು. "ಅಣ್ಣ, ಎಡಗಡೆ ಕೋರೆಹಲ್ಲು ಮತ್ತೆ ಮುಂದಕ್ಕೆ ಬಂದಿದೆ. ಪಾಪ, ಆ ಅಜ್ಜಿ ಕೂತೇ ಇದ್ದಾರೆ..." ಎನ್ನುತ್ತಾ ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿಕೊಂಡರು. "ಅಬ್ಬಾ, ಇದು ಎಷ್ಟು ಚೆನ್ನಾಗಿ ಬಂದಿದೆ! ಯಾರದು?"

ಗುಡಿಸುವವಳು ಕೊಡ ಕೆಳಗಿಟ್ಟು ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯೇ ಮೇಣದಣ್ಣನಿಗೆ ಹೆದರಿಕೆ ಹುಟ್ಟಿಸಿತು. ಇವತ್ತು ಬಾಯಿಬಿಡದವಳು ನಾಳೆ ಬಿಟ್ಟಾಳು. ಅಲ್ಲಿಯವರೆಗೆ ದಿನವೂ ಅವಳ ಮುಖ ನೋಡಿಕೊಂಡೇ ಕೂರಬೇಕು. ಅದಕ್ಕಿಂತ ತಾವೇ ಹೇಳಿ ಮುಗಿಸುವುದು ವಾಸಿ ಅನ್ನಿಸಿತು.

"ಇವಳು ಮಾಡಿದ್ದು. ನನ್ನ ಕೈ ನಡುಗ್ತಿದೆ ಡಾಕ್ಟರಮ್ಮ. ವರ್ಷ ಆಯ್ತು."

ಡಾಕ್ಟರಮ್ಮ ಅವರನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಹಾಗಾದ್ರೆ ಇನ್ನು ಮುಂದೆ ಇವಳೇ..."

"ನನಗೆ ದವಡೆ ಹಲ್ಲು ಬರಲ್ಲಮ್ಮ," ಎಂದಳು ಗುಡಿಸುವವಳು. "ಅಣ್ಣ ಅದನ್ನ ಒಂದು ಸಲವೂ ಕೆಡಿಸಿಲ್ಲ. ಬುಟ್ಟಿಗೆ ಬಂದಿದ್ರೆ ತಾನೆ ಕಲಿಯೋದು?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಸರಿ, ಇಬ್ಬರೂ ಸೇರಿ ಅಜ್ಜಿಯನ್ನ ಮನೆಗೆ ಕಳಿಸಿ. ಇನ್ನೊಂದು ಸ್ಟೂಲು ಹಾಕಿಸ್ತೀನಿ," ಎಂದು ಹೊರಟುಹೋದರು.

ಮೇಣದಣ್ಣನ ಮೈ ಹಗುರವಾಯಿತು. ಹಗುರವಾದ ಮರುಗಳಿಗೆಯೇ ಅನುಮಾನ ತಲೆಯೆತ್ತಿತು. ತಮ್ಮ ಕುರ್ಚಿ ಉಳಿಸಲೆಂದು ಆ ಮಾತು ಆಡಿದಳೋ? ಬರುವುದನ್ನೂ ಬರುವುದಿಲ್ಲ ಎಂದಳೋ? ಡಬ್ಬಿಯಿಂದ ಒಂದು ದವಡೆ ಹಲ್ಲು ತೆಗೆದು ಅವಳ ಮುಂದಿಟ್ಟರು. "ಕೂರಿಸು, ನೋಡೋಣ."

ಅವಳು ಮೇಣ ಬಿಸಿಮಾಡಿ, ಉಸಿರು ಬಿಗಿಹಿಡಿದು ಕೂರಿಸಿದಳು. ಹಿಂದುಮುಂದಾಗಿ ಕೂತಿತು.

ಮೇಣದಣ್ಣ ಹಲ್ಲನ್ನು ಬಿಟ್ಟು ಅವಳ ಮುಖವನ್ನೇ ದಿಟ್ಟಿಸಿದರು. ತಿಳಿಯದೆ ತಪ್ಪಿದಳೋ, ತಿಳಿದೇ ತಪ್ಪಿದಳೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

"ಕಿತ್ತು ತೆಗಿ," ಎಂದರು ಕಡೆಗೆ. "ಇನ್ನೊಂದು ಸಲ ಕೂರಿಸು."