ಎಂಟಿಲ್ಲದ ಸಂಖ್ಯೆ ಮತ್ತು ನಮ್ಮ ಭಾವ

ನನಗೊಂದು ಸಂಖ್ಯೆಯ ಹುಚ್ಚಿದೆ. ದೇವರ ಹೆಸರು ಹೇಳಬೇಕಾದ ಹೊತ್ತಿನಲ್ಲೂ ಅದೇ ನಾಲಿಗೆಗೆ ಬರುತ್ತದೆ: 1,23,45,679. ಬಾಯಲ್ಲಿ ಹೇಳುವುದಾದರೆ ಒಂದು ಕೋಟಿ ಇಪ್ಪತ್ತಮೂರು ಲಕ್ಷ, ಮೇಲೆ ಒಂದಿಷ್ಟು ಚಿಲ್ಲರೆ. ಅಂಕಿಗಳು ಒಂದರಿಂದ ಒಂಬತ್ತರವರೆಗೆ ಸಾಲಾಗಿ ಬರುತ್ತ ಎಂಟನ್ನು ಮಾತ್ರ ಹಾರಿಸಿಬಿಡುತ್ತವೆ. ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಹದಿನೆಂಟರಿಂದ ಗುಣಿಸಿದರೆ ಒಂಬತ್ತು ಎರಡುಗಳು. ತೆಲುಗು ಸೀಮೆಯಂಚಿನ ನಮ್ಮ ಆಲೂರಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಾಗ ಇದನ್ನು ಹಲಗೆಯ ಮೇಲೆ ಬರೆದು, ನಾನೇ ಹೆತ್ತವನಂತೆ ಮೀಸೆ ತಿರುವುತ್ತಿದ್ದೆ.

ಎಂಟನ್ನು ಹೀಗೆ ಹಾರಿಸುವ ಇನ್ನೊಬ್ಬರೆಂದರೆ ನನ್ನ ಹೆಂಡತಿಯ ಅಣ್ಣ, ನಮ್ಮ ಭಾವ. ಪಕ್ಕದ ಬೀದಿಯಲ್ಲೇ ಇದ್ದಾರೆ. ಎಂಟು ಶನಿಯ ಅಂಕಿ ಎಂದು ನಂಬಿದವರು. ಷೇರ್ ಆಟೊದಲ್ಲಿ ಎಂಟು ಜನರಿದ್ದರೆ ಒಂಬತ್ತನೆಯವನು ಬರುವವರೆಗೂ ಹೊರಡಗೊಡುವುದಿಲ್ಲ. ಆಟೊದವರು ಮನಸಾರೆ ಒಪ್ಪಿದ ಶಾಸ್ತ್ರ ಇದೊಂದೇ ಇರಬೇಕು.

ನಾನೂ ನಗುತ್ತಿದ್ದೆ, ಮಗಳು ವಸುಧಾ ಒಬ್ಬ ಹುಡುಗನನ್ನು ಮೆಚ್ಚುವವರೆಗೆ. ಚಿಪ್ಪಗಿರಿಯ ದನದ ದವಾಖಾನೆಯಲ್ಲಿ ಅವನಿಗೆ ಕೆಲಸ, ಬಂಗಾರದಂಥವನು. ಆದರೆ ಹುಟ್ಟಿದ್ದು ಇಪ್ಪತ್ತಾರನೇ ತಾರೀಖು. ಎರಡು ಆರು ಕೂಡಿದರೆ ಎಂಟು ಎಂದು ಭಾವ ಮುಖ ತಿರುಗಿಸಿದರು. ಸೋದರಮಾವ ಕೈಹಿಡಿದು ಕರೆತರದಿದ್ದರೆ ಮಂಟಪಕ್ಕೇ ಬರುವುದಿಲ್ಲ ಎಂದು ಮಗಳು ಹಟ ಹಿಡಿದಳು. ಇಷ್ಟು ವರ್ಷ ಲೆಕ್ಕ ಕಲಿಸಿದ್ದು ಯಾತಕ್ಕೆ ಬಂತು ಎಂದು ಹೆಂಡತಿ ನನ್ನನ್ನು ಕೇಳಿದಳು.

ಹಾಗಾಗಿ ನನ್ನ ಸಂಖ್ಯೆಯನ್ನು ಯುದ್ಧಕ್ಕೆ ಕಳಿಸಿದೆ. ಭಾವನ ಮೊಬೈಲಿನಲ್ಲಿ ಅದನ್ನು ಒತ್ತಿ, ಇದರಲ್ಲಿ ಎಂಟಿಲ್ಲ, ಈಗ ನಿಮ್ಮ ವಯಸ್ಸಿನಿಂದ ಗುಣಿಸಿ ಎಂದೆ. ಅವರಿಗೆ ಎಪ್ಪತ್ತೆರಡು. ಗುಣಿಸಿದರು. 88,88,88,888. ಎಂಟನ್ನು ಮುಂಬಾಗಿಲಲ್ಲಿ ತಡೆದರೆ ಬಳಗವನ್ನೆಲ್ಲ ಕಟ್ಟಿಕೊಂಡು ಹಿತ್ತಲಿನಿಂದ ಬರುತ್ತದೆ ಎಂದು ಉಪದೇಶಿಸಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಭಾವ ಬೆರಳು ಮಡಿಚಿ ಎಣಿಸತೊಡಗಿದರು.

“ಒಂಟಿ ಎಂಟು ಕೆಟ್ಟದ್ದು ಮಾಸ್ತರ. ಒಂಬತ್ತು ಎಂಟು ಕೂಡಿದ್ರ ಎಪ್ಪತ್ತೆರಡು, ನನ್ನ ವಯಸ್ಸ ಆತು. ಏಳು ಎರಡು ಒಂಬತ್ತು. ಮಂಚಿ ಅಂಕಿ, ಚಲೋ ಅಂಕಿ ಐತಿ ಕದಾ. ಹುಡುಗನ ಎಂಟೂ ನಮ್ಮ ಬಳಗ ಕೂಡಿದ್ರ ಒಂಟಿ ಅಲ್ಲ, ಆಗಲಿ.”

ಒಂಬತ್ತರಿಂದ ಭಾಗವಾಗುವ ಯಾವ ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಹೋದರೂ ಕೊನೆಗೆ ಒಂಬತ್ತೇ ಉಳಿಯುತ್ತದೆ, ಅದರಲ್ಲಿ ಗ್ರಹಗಳ ಕೈವಾಡವೇನಿಲ್ಲ ಎಂದು ಹೇಳಬಹುದಿತ್ತು. ಹೆಂಡತಿ ನನ್ನ ಕಾಲು ತುಳಿದಳು. ಗಣಿತ ಅಲ್ಲಿಗೆ ಮುಗಿಯಿತು.

ಆದರೂ ಭಾವನಿಗೆ ಬಿಗುಮಾನ. ಹುಡುಗನ ಮನೆಗೆ ನೀವೇ ಹೋಗಿಬನ್ನಿ, ನನಗೆ ಮೊಣಕಾಲು ನೋವು ಎಂದರು. ಹೊರಡುವ ದಿನ ಕಳಿಸಿಕೊಡಲೆಂದು ಆಟೊ ಸ್ಟ್ಯಾಂಡಿಗೆ ಬಂದು, ಅಭ್ಯಾಸದಂತೆ ತಲೆ ಎಣಿಸಿದರು. ಎಂಟು. ಡ್ರೈವರನನ್ನು ತಡೆದು, ವಸುಧಾಳ ಪಕ್ಕದಲ್ಲಿ ಅರ್ಧ ಕುಂಡೆಯೂರಿ ಕೂತೇಬಿಟ್ಟರು. ಚಿಪ್ಪಗಿರಿಗೇ ಹೋಗಬೇಕಾದ ಒಬ್ಬಾತ ಒಂಬತ್ತನೆಯವನಾಗಲು ಬೀಡಿ ಎಸೆದು ಓಡಿಬರುತ್ತಿದ್ದ. ಭಾವ ಅವನನ್ನು ಕಾಣದವರಂತೆ ಡ್ರೈವರನಿಗೆ ಹೇಳಿದರು:

“ನಡಿಯಪ್ಪ, ಲೆಕ್ಕ ಸರಿ ಐತಿ.”