ನಾನು ನೆಟ್ಟ ಕಂಬಿಯ ನೆರಳು

ಮೊನ್ನೆ ಚಿತ್ರದುರ್ಗದ ವಿಜ್ಞಾನ ಕೇಂದ್ರದ ಅಂಗಳದಲ್ಲಿ ಹನ್ನೆರಡು ಕಂಬಿಗಳು ಸಾಲಾಗಿ ನಿಂತಿದ್ದವು. ಹನ್ನೊಂದು ಕಂಬಿಗಳ ನೆರಳು ಒಂದೇ ದಿಕ್ಕಿಗೆ ಬಿದ್ದಿತ್ತು. ಒಂದರದ್ದು ಮಾತ್ರ ಓರೆಯಾಗಿ ಬೇರೆ ಕಡೆಗೆ.

ಆ ಒಂದು ನಾನು ನೆಟ್ಟಿದ್ದು.

ನಾನು ಹೊಳಲ್ಕೆರೆಯಲ್ಲಿ ಗಾರೆ ಮೇಸ್ತ್ರಿ. ಇಪ್ಪತ್ತೆರಡು ವರ್ಷದಿಂದ ಗೋಡೆ ಕಟ್ಟುವುದೇ ಕಸುಬು. ನನ್ನ ಕಣ್ಣಳತೆ ತಪ್ಪುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುವವನು... ಈಗಲೇ ನಗಬೇಡಿ, ಪೂರ್ತಿ ಓದಿ.

ವರ್ಷಕ್ಕೆ ಎರಡು ದಿನ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನಂತೆ. ನೆಟ್ಟಗೆ ನಿಂತ ಕಂಬಕ್ಕೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಅದಕ್ಕೆ ಶೂನ್ಯ ನೆರಳಿನ ದಿನ ಅಂತ ಹೆಸರು. ಈಗಷ್ಟೇ ಏಳನೇ ಕ್ಲಾಸ್ ಮುಗಿಸಿದ ನನ್ನ ಮಗಳು ಪಲ್ಲವಿ ಹೇಳುವವರೆಗೆ ನನಗೂ ಗೊತ್ತಿರಲಿಲ್ಲ.

ಅದನ್ನು ನೋಡಲು ವಿಜ್ಞಾನ ಕೇಂದ್ರದವರು ಮಕ್ಕಳನ್ನು ಕರೆದಿದ್ದರು. ಒಂದೊಂದು ಗುಂಪೂ ಎರಡಡಿ ಕಂಬಿಯನ್ನು ಡಬ್ಬಿಯಲ್ಲಿ ನಿಲ್ಲಿಸಿಕೊಂಡು ತರಬೇಕು. ಕಂಬಿ ನೆಡಲು ಮನೆಯಲ್ಲಿ ದೊಡ್ಡವರು ನೆರವಾಗಬಹುದು, ಅಲ್ಲಿಗೆ ಬಂದ ಮೇಲೆ ಎಲ್ಲಾ ಮಕ್ಕಳೇ ಮಾಡಬೇಕು, ದೊಡ್ಡವರು ಕೈ ಹಾಕುವಂತಿಲ್ಲ.

ನಮ್ಮ ಬೀದಿಯ ಮಕ್ಕಳಿಗೆ ಅವತ್ತು ಮಾರಿಕಣಿವೆ ಡ್ಯಾಂ ನೋಡುವ ಪ್ಲಾನ್ ಇತ್ತು. ಪಲ್ಲವಿ ಅದನ್ನು ತಪ್ಪಿಸಿ ನಾಲ್ಕು ಜನರನ್ನು ಒಪ್ಪಿಸಿದಳು. ಪಕ್ಕದ ಮನೆ ಮನೋಜ ಮಾತ್ರ ಷರತ್ತು ಹಾಕಿಯೇ ಒಪ್ಪಿದ.

"ನೆರಳು ಹೋಗ್ಲಿಲ್ಲ ಅಂದ್ರೆ ರಜೆ ಮುಗಿಯಾವರ್ಗೂ ನಮ್ ಕ್ರಿಕೆಟ್‌ಗೆ ಬಾಲ್ ಹೆಕ್ಕಾಕೆ ನೀನೇ ಬರ್ಬೇಕು ನೋಡು."

"ಬರ್ತೀನಿ ಬಿಡು. ಕಂಬಿ ನೆಡಾದು ನಮ್ಮಪ್ಪ. ಒಂದು ನೂಲೂ ಆಚೀಚೆ ಇರಲ್ಲ," ಅಂದಳು ಇವಳು.

ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ, ನಮ್ಮ ಕೆಲಸದ ಅಳತೆ. ಮಗಳ ಬಾಯಲ್ಲಿ ಆ ಮಾತು ಕೇಳಿ ನಾನು ಉಬ್ಬಿಹೋದೆ.

ಹಳೇ ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ಕಂಬಿ ನಿಲ್ಲಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದೆ, ನೆಟ್ಟಗಿತ್ತು.

"ಗುಂಡು ಬಿಟ್ಟು ನೋಡಪ್ಪ," ಅಂದಳು. ಗೋಡೆ ಸೊಟ್ಟ ಇದೆಯೋ ಏನೋ ತಿಳಿಯಲು ದಾರಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಗುಂಡು ಅದು. ರಜೆಯಲ್ಲಿ ಸೈಟಿಗೆ ಬಂದಾಗ ಅದರ ದಾರ ಹಿಡಿಯುವುದು ಇವಳಿಗೆ ಆಟ.

"ಇಷ್ಟಕ್ಕೆಲ್ಲ ಗುಂಡು ಬೇಕೇನೇ? ನಾನು ಎಷ್ಟು ಮನೆ ಕಟ್ಟೀನಿ ಗೊತ್ತೇನು?" ಅಂತ ಬಾಯಿ ಮುಚ್ಚಿಸಿದೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಮಕ್ಕಳ ಚಿತ್ರಾನ್ನದ ಡಬ್ಬಿಗಳೆಲ್ಲ ನನ್ನ ಕೆಲಸದ ಬ್ಯಾಗಿನಲ್ಲಿ.

ನೆರಳು ಹೋಗುವುದು ಹನ್ನೆರಡೂ ಇಪ್ಪತ್ತೆರಡರ ಸುಮಾರಿಗೆ ಎಂದು ಅಲ್ಲಿನ ಮೇಡಂ ಮೊದಲೇ ಹೇಳಿದ್ದರು. ಹನ್ನೆರಡೂ ಹತ್ತಕ್ಕೆ ಎಲ್ಲಾ ನೆರಳುಗಳೂ ಪಡುವಣಕ್ಕೆ ಎರಡು ಬೆರಳಗಲ ಉಳಿದಿದ್ದವು. ನಮ್ಮದು ಮಾತ್ರ ಓರೆ.

"ಲೇ ಪಲ್ಲವಿ, ನಿಂದು ಸೊಟ್ಟ ಬಿದ್ದೈತೆ. ನಾಳೆ ಎಂಟಕ್ಕೇ ಬಂದ್ಬಿಡು ಫೀಲ್ಡಿಗೆ," ಅಂದ ಮನೋಜ.

ದೊಡ್ಡವರು ದಾಟದಂತೆ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ನನಗೆ ತಕ್ಷಣ ಗೊತ್ತಾಯಿತು. ಕಾಂಕ್ರೀಟ್ ಗಟ್ಟಿಯಾಗುವ ಮೊದಲು ಕಂಬಿ ಬಡಗಲಿಗೆ ವಾಲಿದೆ. ನಾನು ತಿರುಗಿ ನೋಡಿರಲೇ ಇಲ್ಲ.

ಕೂಗಿ ಹೇಳಲು ಬಾಯಿ ಬರಲಿಲ್ಲ. ದೊಡ್ಡವರು ತಲೆ ಹಾಕಬಾರದು ಎಂಬುದು ಒಂದು. ಅಷ್ಟು ಜನರ ಎದುರು ಮೇಸ್ತ್ರಿಯ ಮರ್ಯಾದೆ ಹೋಗುತ್ತದೆ ಎಂಬುದು ಇನ್ನೊಂದು... ನಿಜ ಹೇಳಬೇಕೆಂದರೆ ಎರಡನೆಯದೇ ಜಾಸ್ತಿ.

ಪಲ್ಲವಿಯ ಮುಖ ಕೆಂಪಗಾಗಿದೆ. ಪಕ್ಕದ ಕಂಬಿಯ ನೆರಳು ನೋಡುತ್ತಾಳೆ, ತನ್ನದು ನೋಡುತ್ತಾಳೆ, ಮತ್ತೆ ಪಕ್ಕದ್ದು. ಇದ್ದಕ್ಕಿದ್ದಂತೆ ನನ್ನ ಹತ್ತಿರ ಓಡಿ ಬಂದಳು.

"ಅಪ್ಪ, ಬ್ಯಾಗ್‌ನಾಗೆ ಗುಂಡು ಐತಾ?"

ಇತ್ತು. ಗಾರೆ ಬಳಿಯುವ ಕರಣೆ ತೆಗೆದಿಟ್ಟು ಬಂದಿದ್ದೆ, ಗುಂಡು ಮಾತ್ರ ಸೈಡ್ ಜೇಬಿನಲ್ಲೇ ಉಳಿದಿತ್ತು. ತೆಗೆದು ಕೊಟ್ಟೆ.

ಒಂದು ಪಕ್ಕದಿಂದ ಗುಂಡು ಬಿಟ್ಟು ನೋಡಿದಳು, ಸರಿ ಇತ್ತು. ಇನ್ನೊಂದು ಪಕ್ಕಕ್ಕೆ ಹೋಗಿ ಬಿಟ್ಟಳು. ಅಲ್ಲಿ ಸಿಕ್ಕಿಬಿತ್ತು ನನ್ನ ಕಣ್ಣಳತೆ.

ಕಂಬಿ ಬಗ್ಗಿಸಲು ಹೋಗುತ್ತಾಳೇನೋ ಅಂದುಕೊಂಡೆ. ಇಲ್ಲ, ಗೋಡೆ ಬದಿಯಿಂದ ಕಲ್ಲಿನ ಚಕ್ಕೆ ಹೆಕ್ಕಿ ತಂದಳು. ಕಟ್ಟುವಾಗ ಕಲ್ಲು ಅಲುಗಿದರೆ ನಾವು ಅಡಿಗೆ ಕೊಡುವುದೂ ಅದೇ ಚಕ್ಕೆ. ಇದನ್ನು ನಾನು ಕೂರಿಸಿಕೊಂಡು ಕಲಿಸಿದ್ದಲ್ಲ.

ಡಬ್ಬಿ ಭಾರ, ಎತ್ತಿ ಅಡಿಗೆ ಚಕ್ಕೆ ಇಡಲು ಒಬ್ಬಳ ಕೈಯಲ್ಲಿ ಆಗಲಿಲ್ಲ. "ಸರಿ ಆಕಡೆ, ನಾನು ಎತ್ತಿ ಹಿಡ್ಕಂತೀನಿ," ಎಂದು ಬಂದವನು ಮನೋಜನೇ.

ಮೊದಲ ಚಕ್ಕೆ ದಪ್ಪವಾಯಿತು. ತೆಗೆದು ತೆಳುವಾದದ್ದು ಕೊಟ್ಟಳು, ಮತ್ತೆ ಎರಡೂ ಪಕ್ಕದಿಂದ ಗುಂಡು ಬಿಟ್ಟಳು. ಆಗ ಹನ್ನೆರಡೂ ಇಪ್ಪತ್ತು.

ಎರಡು ನಿಮಿಷ ಐದೂ ಮಕ್ಕಳು ಮಂಡಿಯೂರಿ ಕೂತಿದ್ದಾರೆ. ನೆರಳು ಉಗುರಿನಷ್ಟಾಯಿತು, ಅಕ್ಕಿಕಾಳಿನಷ್ಟಾಯಿತು... ಕಂಬಿಯ ಬುಡಕ್ಕೆ ಸೇರಿಹೋಯಿತು.

ಮನೋಜ ಎದ್ದು ತನ್ನ ಕಾಲ ಸುತ್ತ ನೋಡಿಕೊಂಡ. "ನಂದೂ ಇಲ್ಲ ಕಣ್ಲೇ," ಅಂದ.

ಚಕ್ಕೆ ನೋಡಿದ ಮೇಡಂ, "ಇದನ್ನ ಮಾಡಿದ್ದು ಯಾರಮ್ಮ?" ಎಂದು ಕೇಳಿದರು.

"ಕಂಬಿ ನೆಟ್ಟಿದ್ದು ನಮ್ಮಪ್ಪ ಮೇಡಂ. ಅಗೋ, ಅಲ್ಲಿ ನಿಂತವ್ನೆ. ಸರಿ ಮಾಡಿದ್ದು ನಾನು."

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನು ಕೈ ಎತ್ತಿದೆ, ಹೌದು, ಆ ಮೇಸ್ತ್ರಿ ನಾನೇ. ಮನೆ ಒಕ್ಕಲಿನ ದಿನ ಯಜಮಾನರು ಶಾಲು ಹೊದಿಸಿದಾಗಲೂ ಇಷ್ಟು ಹೆಮ್ಮೆ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬಿಸಿಲು ಅಂದುಕೊಳ್ಳಲಿ ಎಂದು ಒರೆಸಿಕೊಂಡೆ.

ವಾಪಸ್ ಬರುವಾಗ ಗುಂಡು ಮನೋಜನ ಕೈಯಲ್ಲಿತ್ತು. ಹೊಳಲ್ಕೆರೆ ಬರುವವರೆಗೂ ಅವನು ಅದನ್ನು ಯಾರಿಗೂ ಕೊಡಲಿಲ್ಲ.

ಇವತ್ತು ಸೈಟಿನಲ್ಲಿ ಇಟ್ಟಿಗೆಯ ಮೊದಲ ವರಸೆಗೇ ಗುಂಡು ಬಿಟ್ಟು ನೋಡಿದೆ. ಕೆಲಸದ ಹುಡುಗರು ಮುಖ ಮುಖ ನೋಡಿಕೊಂಡರು, ನೋಡಿಕೊಳ್ಳಲಿ.

ನಿಮ್ಮ ಕೆಲಸದ ತಪ್ಪನ್ನು ನಿಮ್ಮ ಮಕ್ಕಳೇ ಊರೆದುರು ತಿದ್ದಿದ ದಿನ, ನನ್ನ ಹಾಗೆ ಎದೆ ಉಬ್ಬಿಸಿಕೊಂಡು ಮನೆಗೆ ಬಂದವರು ಯಾರಾದರೂ ಇದ್ದೀರಾ?